ಹದಿಹರೆಯದ ಮಕ್ಕಳ ಮಿದುಳಿನ ಎಂಆರ್‌ಐ: ಹೇಗೆ ಸಿದ್ಧ ಮಾಡಬೇಕು, ಫಿಲ್ಮ್ ಹೇಗೆ ನೋಡಬೇಕು

ವಿಜಯಪುರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಎಂಆರ್‌ಐ ಟೆಕ್ನೀಷಿಯನ್. ತಲೆನೋವು, ಫಿಟ್ಸ್ ಅಂತ ಹೈಸ್ಕೂಲು, ಪಿಯುಸಿ ಮಕ್ಕಳು ಬರುತ್ತಾ ಇರುತ್ತಾರೆ. ಇದು ಅವರ ಅಪ್ಪ-ಅಮ್ಮಂದಿರಿಗೆ.

ಲೋಹದ್ದೇನಿದ್ದರೂ ಮನೆಯಲ್ಲೇ ಬಿಚ್ಚಿಸಿ. ಕಿವಿಯೋಲೆ ನೆನಪಿರುತ್ತದೆ, ಉಡದಾರದ ತಾಯಿತ ಮರೆತುಹೋಗುತ್ತದೆ. ಹಲ್ಲಿಗೆ ಕ್ಲಿಪ್ ಇದ್ದರೆ, ಮೈಯೊಳಗೆ ರಾಡ್, ಪ್ಲೇಟ್ ಇದ್ದರೆ ಮೊದಲೇ ತಿಳಿಸಿ. ಎಂಆರ್‌ಐನಲ್ಲಿ ಎಕ್ಸ್‌ರೇ ಬಳಸುವುದಿಲ್ಲ, ಆ ಭಯ ಬೇಡ.

ಎಲ್ಲಕ್ಕಿಂತ ಮುಖ್ಯ, ಅಲುಗಾಡಬಾರದು. ಮಷಿನ್ ಟಕಟಕ ಅಂತ ಜೋರಾಗಿ ಬಡಿಯುತ್ತದೆ. ಹುಡುಗರು ಗೊತ್ತಿಲ್ಲದೇ ಆ ತಾಳಕ್ಕೆ ಪಾದ ಕುಣಿಸುತ್ತಾರೆ. ಮೈಕ್‌ನಲ್ಲಿ "ಆರಾಮ ಅದಿ ಇಲ್ಲೋ ತಮ್ಮಾ?" ಅಂದರೆ ತಲೆ ಆಡಿಸಿಯೇ ಉತ್ತರ ಕೊಡುತ್ತಾರೆ. ಅದಕ್ಕೇ ಶಬ್ದ ನಿಂತಾಗ ಮಾತ್ರ ಮಾತಾಡಿಸುತ್ತೇನೆ, ಬಾಯಲ್ಲೇ "ಹೂಂ" ಅನ್ನು ಅಂತ ಮೊದಲೇ ಹೇಳಿರುತ್ತೇನೆ. ಹಿಂದಿನ ರಾತ್ರಿ ಚಾಪೆ ಮೇಲೆ ಮಲಗಿಸಿ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿ. ಅಲುಗಾಡಿದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ. ಅಳತೆಯಲ್ಲಿ ಮಿದುಳಿನ ಹೊರಪದರ ಇರುವುದಕ್ಕಿಂತ ತೆಳುವಾಗಿ ಬರುತ್ತದೆ. ಈ ವಯಸ್ಸಿನಲ್ಲಿ ಆ ಪದರ ನಿಜವಾಗಿಯೂ ತೆಳುವಾಗುತ್ತಾ ಇರುತ್ತದೆ. ಅಲುಗಾಟ ಯಾವುದು, ಬೆಳವಣಿಗೆ ಯಾವುದು ಅಂತ ಬೇರ್ಪಡಿಸುವುದು ಸಂಶೋಧಕರಿಗೂ ಕಷ್ಟ.

ಒಂದೇ ಮಿದುಳನ್ನು ಮಷಿನ್ ಟಿ1, ಟಿ2 ಅಂತ ಬೇರೆ ಬೇರೆ ಬಗೆಯಲ್ಲಿ ತೆಗೆಯುತ್ತದೆ. ಫಿಲ್ಮ್‌ನಲ್ಲಿ ಟಿ1 ಚಿತ್ರ ಯಾವುದು ಅಂತ ಕೇಳಿ ನೋಡಿ. ಅಂಚಿನಲ್ಲಿ ಮಡಿಕೆಮಡಿಕೆಯಾಗಿರುವ ಬೂದು ಪಟ್ಟಿ ಗ್ರೇ ಮ್ಯಾಟರ್, ಮೇಲೆ ಹೇಳಿದ ಹೊರಪದರ ಅದೇ. ಒಳಗಿನ ಬಿಳಿ ಭಾಗ ವೈಟ್ ಮ್ಯಾಟರ್. ಮಿದುಳಿನ ಒಳಗೂ ಸುತ್ತಲೂ ಇರುವ ನೀರು ಕಪ್ಪಗೆ ಕಾಣುತ್ತದೆ. ಟಿ2ನಲ್ಲಿ ನೀರೇ ಬೆಳ್ಳಗಿರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ.

ಹೊರಪದರ ತೆಳುವಾಗುವುದು ಅಂದ್ರೆ ಸವೆಯುವುದಲ್ಲ. ತಿಕೋಟಾ ಕಡೆ ದ್ರಾಕ್ಷಿಗೆ ಚಾಟ್ನಿ ಮಾಡ್ತಾರಲ್ವಾ, ಅಂದ್ರೆ ಬಳ್ಳಿಯ ಕಡ್ಡಿ ಕತ್ತರಿಸ್ತಾರಲ್ವಾ, ಹಾಗೆ ನರಕೋಶಗಳ ನಡುವಿನ ಬಳಕೆಯಿಲ್ಲದ ಕೊಂಡಿಗಳು ಕಡಿಮೆಯಾಗುತ್ತವೆ. ಆ ಕೊಂಡಿಗಳು ಬಹಳ ಚಿಕ್ಕವು, ನಮ್ಮ ಮಷಿನ್‌ಗೆ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಕವಚ ಜಾಸ್ತಿಯಾದಂತೆ ಬೂದು ಪಟ್ಟಿಯ ಒಳಅಂಚು ಬಿಳಿಯಾಗಿ ಕಾಣತೊಡಗುತ್ತದೆ. ಅಮೆರಿಕದಲ್ಲಿ ಜೇ ಗೀಡ್ ಮತ್ತು ಸಂಗಡಿಗರು ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಗ್ರೇ ಮ್ಯಾಟರ್ ಮೊದಲು ಹೆಚ್ಚಿ ಆಮೇಲೆ ಇಳಿಯುತ್ತದೆ, ವೈಟ್ ಮ್ಯಾಟರ್ ಏರುತ್ತಲೇ ಹೋಗುತ್ತದೆ ಅಂತ 1999ರಲ್ಲಿ ತೋರಿಸಿದರು. ಯೋಚಿಸಿ ಹೆಜ್ಜೆಯಿಡಲು ಬೇಕಾದ, ಹಣೆಯ ಹಿಂದಿನ ಭಾಗ ಮಾಗುವುದು ಬಹಳ ತಡ. 20 ದಾಟಿದರೂ ಅದು ಮುಗಿದಿರುವುದಿಲ್ಲ.

"ಇವನ ತಲೆ ವಯಸ್ಸಿಗೆ ತಕ್ಕಂಗ ಬೆಳದೈತೇನ್ರಿ?" ಅಂತ ತುಂಬಾ ಜನ ಕೇಳುತ್ತಾರೆ. ಒಂದೇ ಫಿಲ್ಮ್ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಮಕ್ಕಳಿಂದ ಮಕ್ಕಳಿಗೆ ವ್ಯತ್ಯಾಸ ಜಾಸ್ತಿ. ಯಾವ ತೊಂದರೆಗೆ ಸ್ಕ್ಯಾನ್ ಬರೆದಿದ್ದರೋ ಅದನ್ನು ಡಾಕ್ಟರ ಹತ್ತಿರ ಕೇಳಿ. ಫಿಲ್ಮ್ ಜೊತೆ ಸಿಡಿಯನ್ನೂ ತಪ್ಪದೇ ತೆಗೆದುಕೊಂಡು ಜೋಪಾನವಾಗಿಡಿ. ಮುಂದೆ ಮತ್ತೆ ಸ್ಕ್ಯಾನ್ ಆದರೆ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಲು ರೇಡಿಯಾಲಜಿಸ್ಟ್‌ಗೆ ಅದು ಬೇಕಾಗುತ್ತದೆ.