ಇಸವಿ ಇಲ್ಲದ ಹ್ಯಾಂಡ್‌ಬಿಲ್ಲು

ನನ್ನ ಸಂಗ್ರಹದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಸಲ ಕೈಗೆತ್ತಿಕೊಳ್ಳುವುದು ಒಂದು ಹರಿದ ಹ್ಯಾಂಡ್‌ಬಿಲ್ಲು. ಗುಲಾಬಿ ಬಣ್ಣದ ತೆಳು ಕಾಗದ. ಮೇಲಿನ ಕಾಲು ಭಾಗ ಇಲ್ಲ. ಅದರ ಜೊತೆ ನಾಟಕ ಕಂಪನಿಯ ಹೆಸರೂ ಹೋಗಿದೆ. ಉಳಿದದ್ದರಲ್ಲಿ ಓದಲು ಸಿಗುವುದು ಇಷ್ಟು: ಡಿಸೆಂಬರ್ 12, ಶನಿವಾರ, ರಾತ್ರಿ ಒಂಬತ್ತೂವರೆಗೆ. ನೆಲ 25 ನ.ಪೈ. ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವುಂಟು. ಸುತ್ತ ಹೂವಿನ ಬಾರ್ಡರು. ಇಸವಿ ಹಾಕಿಲ್ಲ. ನಾಡಿದ್ದು ನಡೆಯುವ ಆಟಕ್ಕೆ ಇಸವಿ ಯಾರು ಹಾಕುತ್ತಾರೆ?

ದಾವಣಗೆರೆಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಅಪ್ಪನ ಕಾಲದಲ್ಲಿ ಟ್ರೆಡಲ್ ಮಷೀನು, ಮೊಳೆ ಅಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ. ಆಮೇಲೆ ಆಫ್‌ಸೆಟ್ ಬಂತು. ಹುಡುಗನಾಗಿದ್ದಾಗ ನನಗೆ ಸಿನಿಮಾದ ಹಾಡಿನ ಪುಸ್ತಕ ಕೂಡಿಡುವ ಹುಚ್ಚು ಹತ್ತಿತು. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದರಲ್ಲ, ಅವೇ. ಮುಖಪುಟದಲ್ಲಿ ನಾಯಕ ನಾಯಕಿ, ಒಳಗೆ ತಾರಾಗಣ, ಅರ್ಧ ಕಥೆ. ಕಥೆ ಸರಿಯಾದ ಜಾಗಕ್ಕೆ ಬಂದಾಗ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ನಿಂತುಬಿಡುತ್ತಿತ್ತು. ಆಮೇಲೆ ಹಾಡುಗಳು. ಅಲ್ಲಿಂದ ಶುರುವಾಗಿದ್ದು ಪೋಸ್ಟರು, ನಾಟಕದ ಹ್ಯಾಂಡ್‌ಬಿಲ್ಲು, ಗ್ರಾಮಫೋನ್ ಪ್ಲೇಟು, ಕ್ರಿಕೆಟ್ಟಿನ ಸ್ಕೋರ್ ಕಾರ್ಡು ಅಂತ ಬೆಳೆಯಿತು.

ಇವೆಲ್ಲ ಎಲ್ಲಿ ಸಿಗುತ್ತವೆ ಅಂತ ಜನ ಕೇಳುತ್ತಾರೆ. ನನಗೆ ಜಾಸ್ತಿ ಸಿಕ್ಕಿದ್ದು ರದ್ದಿ ಅಂಗಡಿಗಳಲ್ಲಿ. ಹಳೇ ಊರಿನ ಕಡೆ ಮನೆ ಕೆಡವುವಾಗ ಅಟ್ಟದ ಸಾಮಾನು ಮೊದಲು ಅಲ್ಲಿಗೆ ಹೋಗುತ್ತದೆ. ನನಗೆ ಪರಿಚಯದ ರದ್ದಿಯವರು ಒಬ್ಬರಿದ್ದಾರೆ. ಫೋನ್ ಮಾಡಿ ‘ಅಣ್ಣಾ, ಒಂದು ಟ್ರಂಕ್ ಬಂದೈತಿ, ಇನ್ನೂ ಬಿಚ್ಚಿಲ್ಲ, ಬಂದು ನೋಡ್ರಿ’ ಅನ್ನುತ್ತಾರೆ. ನಾನು ಅವರ ಹತ್ತಿರ ಚೌಕಾಸಿ ಮಾಡುವುದಿಲ್ಲ. ತೂಕದ ಮೇಲೆ ಹೋಗುವುದನ್ನು ನನಗಾಗಿ ಎತ್ತಿಡುತ್ತಾರಲ್ಲ, ಅದಕ್ಕೆ ಬೆಲೆ ಕೊಡಬೇಕು. ಗುಲಾಬಿ ಹ್ಯಾಂಡ್‌ಬಿಲ್ಲು ಸಿಕ್ಕಿದ್ದು ಹಾಗೆ ಬಂದ ಒಂದು ಟ್ರಂಕಿನ ತಳದಲ್ಲಿ. ಸೀರೆಗೆ ತುಕ್ಕು ಹತ್ತಬಾರದು ಅಂತ ಯಾರೋ ಹಾಸಿದ್ದರು.

ಹಳೆಯದು ಸಿಕ್ಕಿದರೆ ಸಾಕು ಅಂತ ಕೂಡಿಡುವುದು ಸುಲಭ. ಅದು ಯಾವ ಕಾಲದ್ದು, ಎಲ್ಲಿ ಅಚ್ಚಾಗಿದ್ದು, ಯಾರ ಕೈ ದಾಟಿ ಬಂತು ಅಂತ ತಿಳಿಯುವುದೇ ನಿಜವಾದ ಕೆಲಸ. ಕಾಗದ ಅದನ್ನೆಲ್ಲ ಹೇಳುತ್ತದೆ. ಓದಲು ಕಲಿಯಬೇಕು ಅಷ್ಟೇ.

ಈ ಹ್ಯಾಂಡ್‌ಬಿಲ್ಲನ್ನೇ ತೆಗೆದುಕೊಳ್ಳಿ. ಡಿಸೆಂಬರ್ 12 ಶನಿವಾರ ಬಂದದ್ದು 1953ರಲ್ಲಿ, 1959ರಲ್ಲಿ, 1964ರಲ್ಲಿ, 1970ರಲ್ಲಿ. ಇನ್ನು ಟಿಕೆಟ್ ದರ ನೋಡಿ. ‘ನ.ಪೈ.’ ಅಂದರೆ ನಯಾ ಪೈಸೆ. ಅದು ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಆಣೆ ಲೆಕ್ಕ. ಹಾಗಾಗಿ 1953 ಆಗಲಿಲ್ಲ. 1964ರ ಜೂನ್ 1ರಿಂದ ‘ನಯಾ’ ಅನ್ನುವುದನ್ನು ಸರ್ಕಾರ ಕೈಬಿಟ್ಟಿತು, ಬರೀ ಪೈಸೆ ಆಯಿತು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಯಾರಾದರೂ ಅಭ್ಯಾಸಬಲದಿಂದ ‘ನ.ಪೈ.’ ಅಂತಲೇ ಜೋಡಿಸಿರಬಹುದು. ಆದರೂ 1959ರ ಕಡೆಗೇ ತಕ್ಕಡಿ ವಾಲುತ್ತದೆ. ನಾನು ಚೀಟಿಯಲ್ಲಿ ‘1959 ಇರಬೇಕು’ ಅಂತ ಬರೆದಿಟ್ಟೆ.

ಇಂಥ ಗುರುತುಗಳು ಬಹಳ ಇವೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಅದಕ್ಕೂ ಹಿಂದಿನದರಲ್ಲಿ ‘ಮದ್ರಾಸು-17’ ಅನ್ನುವ ಥರ ಬರೀ ವಲಯದ ನಂಬರು. ಆಗ ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಹಾಗಾಗಿ ಕನ್ನಡದ ಹಾಡಿನ ಪುಸ್ತಕ ಮದ್ರಾಸಿನಲ್ಲಿ ಅಚ್ಚಾಗಿದ್ದರೆ ಅನುಮಾನ ಪಡಬೇಡಿ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಅಂತಿದ್ದರೆ 1997ಕ್ಕಿಂತ ಹಿಂದಿನದು. ಆ ವರ್ಷವೇ ಅಲ್ವಾ ನಾವು ಬೇರೆ ಜಿಲ್ಲೆ ಆಗಿದ್ದು.

ಕ್ರಿಕೆಟ್ಟಿಗೂ ಇದೇ ಗುರುತು ನಡೆಯುತ್ತದೆ. ರಣಜಿಯಲ್ಲಿ ನಮ್ಮ ತಂಡ ಮೊದಲು ‘ಮೈಸೂರು’ ಅಂತಲೇ ಆಡುತ್ತಿತ್ತು. ‘ಕರ್ನಾಟಕ’ ಅನ್ನುವ ಹೆಸರಲ್ಲಿ ಆಡಿದ 1973-74ರ ಸಾಲಿನಲ್ಲೇ ಮೊದಲ ಸಲ ಟ್ರೋಫಿ ಗೆದ್ದಿತು. ಸ್ಪಿನ್ ಬೌಲರ್ ಎರಾಪಳ್ಳಿ ಪ್ರಸನ್ನ ನಾಯಕರು. ಸತತ 15 ವರ್ಷ ಗೆದ್ದಿದ್ದ ಮುಂಬೈ ತಂಡವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ, ಜೈಪುರದಲ್ಲಿ ರಾಜಸ್ಥಾನದ ವಿರುದ್ಧ ಫೈನಲ್ ಗೆದ್ದರು. ಆ ಸಾಲಿನ ಒಂದು ಸ್ಕೋರ್ ಕಾರ್ಡಿಗಾಗಿ ಹತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಸಹಿಗಳ ವಿಷಯದಲ್ಲಿ ಹುಷಾರಾಗಿರಬೇಕು. ತಾರೆಯರ ಫೋಟೊಗಳಲ್ಲಿ ಸಹಿ ಅಚ್ಚಾಗಿಯೇ ಬರುವುದುಂಟು. ಪ್ರೆಸ್ಸಿನಲ್ಲಿ ನಾವು ಬಳಸುವ ಸಣ್ಣ ಭೂತಗನ್ನಡಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಅಚ್ಚಾದ ಸಹಿ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ, ಇಲ್ಲವೇ ಗೆರೆ ಉದ್ದಕ್ಕೂ ಒಂದೇ ಸಮನಾಗಿ ಕಪ್ಪಗಿರುತ್ತದೆ. ಬಾಲ್ ಪೆನ್ನಿನದಾದರೆ ಕಾಗದ ಒತ್ತಿ ಸಣ್ಣ ಹಳ್ಳವಾಗಿರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಇಂಕ್ ಪೆನ್ನಿನದಾದರೆ ಗೆರೆ ದಾಟುವ ಕಡೆ ಇಂಕು ನಿಂತು ಗಾಢವಾಗಿರುತ್ತದೆ.

ಪೋಸ್ಟರ್ ಅಂದರೆ ನಮ್ಮ ಭಾಗದವರಿಗೆ ಮೊದಲು ‘ನಾಗರಹಾವು’. 1972ರ ಚಿತ್ರ. ನಮ್ಮ ಜಿಲ್ಲೆಯ ತ.ರಾ.ಸು. ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲ್ ನಿರ್ದೇಶನ, ದುರ್ಗದ ಕೋಟೆ. ಬಯಲುಸೀಮೆಯ ಆ ಬಂಡೆಗಳನ್ನು ತೆರೆಯ ಮೇಲೆ ನೋಡಿದಾಗ ನಮ್ಮ ಮನೆಯನ್ನೇ ನೋಡಿದ ಹಾಗೆ. ಈ ಚಿತ್ರದ ಪೋಸ್ಟರ್ ಅಂತ ಬರುವುದರಲ್ಲಿ ಮೊದಲ ಬಿಡುಗಡೆಯದು ಬಹಳ ಕಮ್ಮಿ. ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಗಿದೆ, 2018ರಲ್ಲಿ ಹೊಸ ತಂತ್ರಜ್ಞಾನದಲ್ಲೂ ಬಂತು. ನನ್ನ ಹತ್ತಿರ ಇರುವ ಒಂದರಲ್ಲಿ ಅಂಬರೀಶ್ ಮುಖ ವಿಷ್ಣುವರ್ಧನ್ ಮುಖದಷ್ಟೇ ದೊಡ್ಡದಾಗಿದೆ. ಯೋಚನೆ ಮಾಡಿ, 1972ರಲ್ಲಿ ಅಂಬರೀಶ್ ಹೊಸಬರು, ಜಲೀಲನದು ಸಣ್ಣ ಪಾತ್ರ. ಅವರು ದೊಡ್ಡ ಹೀರೊ ಆದಮೇಲೆ ಮರುಬಿಡುಗಡೆಗೆ ಮಾಡಿದ ಪೋಸ್ಟರ್ ಅದು. ಹಾಗಂತ ಅದನ್ನು ಎಸೆಯಬೇಕಿಲ್ಲ. ಅದೂ ಒಂದು ಕಾಲದ್ದೇ. ಮೊದಲ ಬಿಡುಗಡೆಯದು ಅಂತ ಹೇಳಿ ಮಾರಬಾರದು, ಕೊಳ್ಳಬಾರದು, ಅಷ್ಟೇ.

ಇನ್ನೊಂದು ಮಾತು. ಹಳೇ ಪೋಸ್ಟರಿಗೆ ಮಡಿಕೆಯ ಗುರುತು ಇದ್ದರೆ ಬೇಜಾರಾಗಬೇಡಿ. ಟಾಕೀಸಿಗೆ ಅವು ಮಡಚಿದ ಕಟ್ಟಾಗಿಯೇ ಬರುತ್ತಿದ್ದವು. ಒಂದೂ ಮಡಿಕೆಯಿಲ್ಲದೆ ನುಣ್ಣಗೆ, ಬೆಳ್ಳಗೆ ಇರುವ ‘ಐವತ್ತು ವರ್ಷದ’ ಪೋಸ್ಟರ್ ಕಂಡರೆ ನನಗೆ ಅನುಮಾನ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚೆಲ್ಲ ಬಣ್ಣದ ಚುಕ್ಕಿಗಳಿಂದ ಆಗಿದ್ದರೆ, ಅದು ಹಳೇ ಪೋಸ್ಟರಿನ ಫೋಟೊ ತೆಗೆದು ಮತ್ತೆ ಹೊಡೆದದ್ದು.

ಪೋಸ್ಟರಿನ ಕೆಳಗಡೆ, ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರ ಹೆಸರು, ಊರು ಇರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನನಗೆ ಅದೇ ಪ್ರಾಣ. ಅದನ್ನು ಒಂದು ಸಲ ಕಳೆದುಕೊಂಡೆ. ಅರವತ್ತರ ದಶಕದ ಒಂದು ಪೌರಾಣಿಕ ಚಿತ್ರದ ಪೋಸ್ಟರ್. ಕಲಾವಿದರು ಕೈಯಲ್ಲೇ ಬರೆದ ಬಣ್ಣ. ಎರಡು ತಿಂಗಳ ದುಡ್ಡು ಕೂಡಿಸಿ ಕೊಂಡಿದ್ದೆ. ಫ್ರೇಮ್ ಹಾಕುವ ಅಂಗಡಿಯೊಂದಕ್ಕೆ ಕೊಟ್ಟೆ. ವಾರ ಬಿಟ್ಟು ಹೋದರೆ ಗಾಜಿನ ಹಿಂದೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅಂಚು ಇರಲಿಲ್ಲ. ರೆಡಿ ಇದ್ದ ಫ್ರೇಮಿಗೆ ಕೂರಲಿ ಅಂತ ಸುತ್ತ ಒಂದೂವರೆ ಇಂಚು ಕತ್ತರಿಸಿದ್ದರು. ಕತ್ತರಿಸಿದ್ದೆಲ್ಲಿ ಅಂತ ಕೇಳಿದರೆ ಕಸದ ಜೊತೆ ಹೋಯಿತು ಅಂದರು. ಮೇಲಿಂದ ಹಲಗೆಗೆ ಪೂರ್ತಿ ಅಂಟು ಬಳಿದು ಕೂರಿಸಿದ್ದರು, ಬಿಡಿಸಲೂ ಬರಲಿಲ್ಲ. ಆ ದಿನ ಊಟ ಸೇರಲಿಲ್ಲ. ಆವತ್ತಿನಿಂದ ಯಾವುದನ್ನೂ ನನ್ನ ಕಣ್ಣೆದುರಿಗೆ ಅಲ್ಲದೆ ಬೇರೆಯವರ ಕೈಗೆ ಕೊಟ್ಟಿಲ್ಲ.

ನೀವು ಮಾಡುವಾಗ ಸೆಲ್ಲೋಟೇಪ್ ಅಂತೂ ಹಚ್ಚಲೇಬೇಡಿ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿಹೋಗುತ್ತದೆ, ಅಂಟಿನ ಹಳದಿ ಕಲೆ ಮಾತ್ರ ಕಾಗದದೊಳಗೆ ಇಳಿದು ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಒಮ್ಮೆ ಬಿಸಿ ಮಾಡಿ ಅಂಟಿಸಿದರೆ ಮುಗಿಯಿತು, ವಾಪಸ್ ತೆಗೆಯುವ ದಾರಿಯೇ ಇಲ್ಲ. ನಾನು ಹರಿದಲ್ಲಿ ತೆಳು ಜಪಾನಿ ಟಿಶ್ಯೂ ಕಾಗದ ಇಟ್ಟು, ಗೋಧಿ ಗಂಜಿಯ ತಿಳಿ ಅಂಟಿನಿಂದ ಕೂರಿಸುತ್ತೇನೆ. ಬೇಡ ಅನ್ನಿಸಿದರೆ ನೀರು ತಾಗಿಸಿ ಬಿಡಿಸಬಹುದು. ಅಂಟು ಚೂರೇ ಚೂರು ಇರಬೇಕು, ಜಾಸ್ತಿಯಾದರೆ ಹುಳ ಬರುತ್ತದೆ. ಬಿಡಿ ಹಾಳೆಗಳನ್ನು ಪಾಲಿಯೆಸ್ಟರ್ ಹಾಳೆಯ ನಡುವೆ ಇಡುತ್ತೇನೆ. ಅಗ್ಗದ ಪಿವಿಸಿ ಕವರು ಬೇಡ, ಬೇಸಿಗೆಗೆ ಬೆವತು ಇಂಕಿಗೆ ಅಂಟಿಕೊಳ್ಳುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ. ತೇವ, ಗೆದ್ದಲು ಎರಡೂ ಗೋಡೆಯಿಂದಲೇ ಬರುವುದು.

ಪ್ಲೇಟುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು ಅರಗಿನಿಂದ ಮಾಡಿದ್ದು. ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಕೈಜಾರಿದರೆ ಚೂರು. ಅದನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೇ ಪ್ಲೇಟಿನ ಮೇಲೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು, ಧೂಳು ಬಂತು ಅಂದುಕೊಂಡೆ. ಬಂದದ್ದು ಹಾಡು. ಈಗ ಆ ಜಾಗದಲ್ಲಿ ಮುಳ್ಳು ಹೋದಾಗ ಅವರ ದನಿಯ ಬದಲು ಬರೀ ಮರಳು ಉಜ್ಜಿದ ಸದ್ದು. ಆಮೇಲೆ ಬಂದ ಎಲ್‌ಪಿ, ಇಪಿ ಪ್ಲೇಟುಗಳು ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನವು, ಅವಕ್ಕೆ ಶತ್ರು ಬಿಸಿ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಮಲಗಿಸಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಎಲ್ಲವನ್ನೂ ನೇರ ನಿಲ್ಲಿಸಿಡಿ.

ಹಾಡಿನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಯಾರಾದರೂ ಏನಾದರೂ ಬರೆದಿದ್ದರೆ ರಬ್ಬರ್ ಮುಟ್ಟಿಸಬೇಡಿ. ನನ್ನ ಹತ್ತಿರದ ಒಂದು ಪುಸ್ತಕದ ಕೊನೇ ಪುಟದಲ್ಲಿ ‘ಅಕ್ಕನ ಸಂಗಡ ಎರಡನೇ ಸಲ’ ಅಂತ ದುಂಡಗೆ ಬರೆದಿದೆ. ಒಂದು ಹಾಡಿನಲ್ಲಿ ಅಚ್ಚು ತಪ್ಪಿದ ಪದವನ್ನು ಅದೇ ಕೈ ತಿದ್ದಿದೆ. ಆ ಹುಡುಗಿ ಟಾಕೀಸಿನಲ್ಲಿ ಹಾಡು ಕೇಳುತ್ತಾ ಪುಸ್ತಕ ಹಿಡಿದು ಸರಿ ನೋಡಿದ್ದಾಳೆ. ಅದೇ ಪುಸ್ತಕದ ಹೊಚ್ಚ ಹೊಸದರಂಥ ಇನ್ನೊಂದು ಪ್ರತಿಯೂ ಇದೆ. ಒಂದನ್ನೇ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಗುಲಾಬಿ ಹ್ಯಾಂಡ್‌ಬಿಲ್ಲಿಗೆ ಮತ್ತೆ ಬರುತ್ತೇನೆ. ಅದರ ಬಾರ್ಡರಿನಲ್ಲಿ ಎಡಗಡೆ ಕೆಳಗಿಂದ ನಾಲ್ಕನೇ ಹೂವಿಗೆ ಒಂದು ಎಸಳು ಮುರಿದಿದೆ. ಇನ್ನೊಂದು ವಿಚಿತ್ರ, ‘ಶನಿವಾರ’ದಲ್ಲಿ ‘ಶ’ ಅಕ್ಷರ ಪಕ್ಕದವಕ್ಕಿಂತ ಸಣ್ಣದು. ಮೂರು ವರ್ಷದ ಹಿಂದೆ ಬೇರೊಂದು ಟ್ರಂಕಿನಲ್ಲಿ ಒಂದು ಮದುವೆ ಕಾರ್ಡು ಸಿಕ್ಕಿತು. ಬಾರ್ಡರಿನಲ್ಲಿ ಅದೇ ಹೂವು, ಅದೇ ಮುರಿದ ಎಸಳು. ಕೆಳಗೆ ಪ್ರೆಸ್ಸಿನ ಹೆಸರು. ನಮ್ಮ ಊರಿನದೇ, ಮುಚ್ಚಿ ಎಷ್ಟೋ ವರ್ಷವಾದದ್ದು. ಅಲ್ಲಿ ಮೊಳೆ ಜೋಡಿಸುತ್ತಿದ್ದವರು ಒಬ್ಬರು ಇನ್ನೂ ಇದ್ದಾರೆ ಅಂತ ಹಳೇ ಬೈಂಡರ್ ಒಬ್ಬರು ಹೇಳಿದರು. ವಿಳಾಸ ಹಿಡಿದು ಹೋದೆ.

ಅಜ್ಜನಿಗೆ ಎಂಬತ್ತರ ಹತ್ತಿರ. ಹ್ಯಾಂಡ್‌ಬಿಲ್ಲು ಕೈಗೆ ಕೊಟ್ಟಾಗ ಅವರು ಓದಲಿಲ್ಲ. ಮೊದಲು ತಿರುಗಿಸಿ ಹಿಂಬದಿಯನ್ನು ಹೆಬ್ಬೆರಳಿನಲ್ಲಿ ಸವರಿದರು. ಮೊಳೆ ಒತ್ತಿದ ಉಬ್ಬು ಕೈಗೆ ಸಿಗುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ, ನನ್ನ ಭೂತಗನ್ನಡಿ ಇಸಿದುಕೊಂಡು ಬಾಗಿದರು. ಸುಮಾರು ಹೊತ್ತು ಮಾತಿಲ್ಲ.

‘ಈ ಶ ನಾನು ಹಾಕಿದ್ದು ನೋಡಪ್ಪ’ ಅಂದರು. ‘ಧನುರ್ಮಾಸ ಹಿಡಿಯೋಕೆ ಮುಂಚೆ ಮದುವೆ ಕಾರ್ಡಿನ ಗದ್ದಲ. ಶುಭವಿವಾಹ, ಶುಭವಿವಾಹ ಅಂತ ಆ ಸೈಜಿನ ಶ ಎಲ್ಲಾ ಜೋಡಿಸಿ ಕಟ್ಟಿಟ್ಟ ಕಾರ್ಡಿನ ಮ್ಯಾಟರ್‌ನಾಗೆ ಸಿಕ್ಕೊಂಡಿತ್ತು. ಖಾನೆ ಖಾಲಿ. ಸಣ್ಣದು ಹಾಕಿ ನಡುವೆ ಕಾಗದ ತುರುಕಿದೆ. ಮೇಸ್ತ್ರಿ ಬೈದಿದ್ದು ಇವತ್ತಿಗೂ ನೆನಪೈತಿ. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ.’

‘ಯಾವ ವರ್ಷ ಸೇರಿದ್ದು ಅಜ್ಜ?’

‘ಐವತ್ತೊಂಬತ್ತರ ದಸರಾ ಮುಗಿದ ಮೇಲೆ. ಮೂರು ವರ್ಷ ಇದ್ದೆ. ಆಮೇಲೆ ಕಾಟನ್ ಮಿಲ್ಲಿಗೆ ಹೋದೆ.’

ಕಂಪನಿಯ ಹೆಸರು ಅವರಿಗೆ ನೆನಪಾಗಲಿಲ್ಲ. ಆದರೆ ಪ್ರೆಸ್ಸಿನವರಿಗೆಲ್ಲ ಪಾಸ್ ಕೊಟ್ಟಿದ್ದರು, ನೆಲದಲ್ಲಿ ಕೂತು ಬೆಳಗಿನ ಜಾವದವರೆಗೆ ನೋಡಿದೆ ಅಂದರು. ಅವರು ಹೇಳಿದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಂಡು ಬಂದೆ. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಚೀಟಿಯಲ್ಲಿ ‘1959 ಇರಬೇಕು’ ಅಂತ ಇದ್ದದ್ದರಲ್ಲಿ ‘ಇರಬೇಕು’ ಅಳಿಸಿದ್ದು.