ಆ ಬೇರಿಂಗ್ ಏಕೆ ಹೋಯಿತು: ನನ್ನ ಅನುಭವ

ಅಕ್ಕಪಕ್ಕದಲ್ಲಿ ಎರಡು ಪಂಪುಗಳು. ಮಾದರಿ ಒಂದೇ, ಕೆಲಸವೂ ಒಂದೇ. ಆದರೆ ಒಂದರ ಬೇರಿಂಗ್ ಮಾತ್ರ ಆರು ತಿಂಗಳಲ್ಲಿ ಮೂರು ಸಲ ಹೋಯಿತು. ಮೂರು ಸಲವೂ ಅದಕ್ಕೆ ಮೊದಲು ಕೈಯಿಟ್ಟವನು ಒಬ್ಬನೇ ಫಿಟ್ಟರ್. ‘ಜೋಡಣೆಯ ದೋಷ’ ಎಂದು ವರದಿ ಬರೆದು ಸಹಿ ಹಾಕಿದೆ. ಹಾಗೆ ಬರೆದದ್ದು ಅನ್ಯಾಯ.

ನಮ್ಮ ತಾರ್ಕಿಕರು ಕುಂಬಾರನ ಕತ್ತೆಯ ಉದಾಹರಣೆ ಕೊಡುತ್ತಾರೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮೊದಲೇ ಅಲ್ಲಿರುತ್ತದೆ, ಆದರೂ ಅದು ಮಡಕೆಗೆ ಕಾರಣವಲ್ಲ. ಮಣ್ಣು ಬೇರೆ ರೀತಿಯಲ್ಲಿ ಬಂದರೂ ಮಡಕೆ ಆಗುತ್ತದೆ. ಇಂಥದ್ದನ್ನು ಅವರು ‘ಅನ್ಯಥಾಸಿದ್ಧ’ ಎಂದು ಕರೆದು ಬದಿಗಿಡುತ್ತಾರೆ. ನಾನು ಬದಿಗಿಡದೆ ಅದರ ಮೇಲೆಯೇ ತಪ್ಪು ಹೊರಿಸಿದ್ದೆ.

ನಾಲ್ಕನೆಯ ಸಲ ಕೆಟ್ಟಾಗ ಪ್ರಶ್ನೆಯನ್ನೇ ಬದಲಿಸಿದೆ: ಪಕ್ಕದ್ದು ಚೆನ್ನಾಗಿರುವಾಗ ಇದೊಂದೇ ಏಕೆ ಕೆಡುತ್ತಿದೆ? ಎರಡಕ್ಕೂ ಸಮಾನವಾದ ಎಣ್ಣೆ, ನೀರು, ವಿದ್ಯುತ್ ಎಲ್ಲವೂ ಒಂದೊಂದಾಗಿ ಪಟ್ಟಿಯಿಂದ ಹೊರಬಿದ್ದವು. ಫಿಟ್ಟರ್ ಕೂಡ ಹೊರಬಿದ್ದ, ಏಕೆಂದರೆ ಪಕ್ಕದ ಪಂಪನ್ನು ಕೂರಿಸಿದವನೂ ಅವನೇ. ಉಳಿದದ್ದು ಈ ಪಂಪಿಗೆ ಸೇರುವ ಒಂದು ಕೊಳವೆ. ಹೊಸ ವಾಲ್ವ್ ಹಾಕುವಾಗ ಅದರ ಆಧಾರವನ್ನು ತೆಗೆದಿದ್ದರು, ಮತ್ತೆ ಕೂರಿಸಿರಲಿಲ್ಲ.

ಅನುಮಾನ ಬಂದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಪಂಪನ್ನೂ ಮೋಟಾರನ್ನೂ ಜೋಡಿಸುವ ಕಪ್ಲಿಂಗಿನ ಮೇಲೆ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಇಂಡಿಕೇಟರ್ ಕೂರಿಸಿ, ಕೊಳವೆಯನ್ನು ಪಂಪಿಗೆ ಬಿಗಿಯುವ ಅಂಚುಪಟ್ಟಿಯಾದ ಫ್ಲೇಂಜಿನ ಬೋಲ್ಟುಗಳನ್ನು ಸಡಿಲಿಸಿದೆವು. ಮುಳ್ಳು 0.4 ಮಿಲಿಮೀಟರ್ ಓಡಿತು, 0.05 ದಾಟಬಾರದು ಎಂಬುದು ನಮ್ಮ ಕಸುಬಿನ ಲೆಕ್ಕ. ಕೊಳವೆ ಪಂಪನ್ನು ಎಳೆದು ಹಿಡಿದಿತ್ತು. ಆಧಾರ ಕೊಟ್ಟು ಮತ್ತೆ ಅಳೆದಾಗ 0.03. ಆಮೇಲೆ ಆ ಬೇರಿಂಗ್ ಕೆಡಲಿಲ್ಲ.

‘ಮೊದಲನೆಯದು ಇರದಿದ್ದರೆ ಎರಡನೆಯದೂ ಆಗುತ್ತಿರಲಿಲ್ಲ’ ಎಂಬ ಅರ್ಥದ ಮಾತನ್ನು ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಬರೆದಿದ್ದ. ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಲೂಯಿಸ್ 1973ರಲ್ಲಿ ಅದನ್ನೇ ಬೆಳೆಸಿ ಒಂದು ಸಿದ್ಧಾಂತ ಕಟ್ಟಿದ. ಬೋಲ್ಟು ಸಡಿಲಿಸುವಾಗ ನಾವು ಮಾಡಿದ್ದು ಆ ಪ್ರಶ್ನೆಯನ್ನು ಕೈಯಿಂದ ಕೇಳುವ ಕೆಲಸ. ಲೋಹ ದಣಿದು ಚಕ್ಕೆ ಎದ್ದಿತು ಎಂಬ ಪ್ರಯೋಗಾಲಯದ ಉತ್ತರವೂ ನಿಜವೇ. ಆದರೆ ಅದು ಹೇಗೆ ಕೆಟ್ಟಿತೆಂದು ಹೇಳುತ್ತದೆ, ಏನನ್ನು ಸರಿಪಡಿಸಬೇಕೆಂದು ಹೇಳುವುದಿಲ್ಲ. ಅಲ್ಲಿಗೇ ತನಿಖೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ಹಳೆಯ ವರದಿ ರದ್ದು ಮಾಡಿ ಫಿಟ್ಟರನ ಬಳಿ ಹೋಗಿ ಕ್ಷಮೆ ಕೇಳಿದೆ. ಎರಡನೆಯ ಸಲ ಫ್ಲೇಂಜಿನ ತೂತುಗಳು ಕೂಡದೆ ಹಾರೆ ಹಾಕಿ ಎಳೆಯಬೇಕಾಯಿತು ಎಂದು ಅವನು ಹೇಳಿದ. ಆಗ ಅವನನ್ನು ಯಾರೂ ಕೇಳಿರಲಿಲ್ಲ. ಹೊಸ ವರದಿಯ ಮೊದಲ ಸಾಲಿನಲ್ಲಿ ಆ ಮಾತನ್ನೇ ಬರೆದೆ.