ಗ್ಯಾರೇಜಿನ ಗೆರೆ ಮತ್ತು ಸುಂಡ್‌ಹ್ನೂಕುರ್ ಬಿರುಕು: ನನ್ನ ಅನುಭವ

2024ರ ಆಗಸ್ಟ್ 22ರ ರಾತ್ರಿ ಒಂಬತ್ತಕ್ಕೆ ಸುಮಾರು ಹತ್ತು ನಿಮಿಷವಿರುವಾಗ, ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿದ್ದ ಭೂಕಂಪಮಾಪಕದ ಗೆರೆ ದಪ್ಪವಾಗತೊಡಗಿತು. ಬಿಡಿಬಿಡಿ ಮುಳ್ಳುಗಳಂತಿದ್ದ ಸಣ್ಣ ಕಂಪನಗಳು ಒಂದಕ್ಕೊಂದು ತಾಗಿ, ಪರದೆಯ ಮೇಲೆ ಕಂಬಳಿಹುಳುವಿನಂತೆ ಕೂಡಿಕೊಂಡವು. ಒಂಬತ್ತೂವರೆಯೊಳಗೆ ಗ್ರಿಂಡಾವಿಕ್ ಪಟ್ಟಣದ ಬಳಿಯ ಸುಂಡ್‌ಹ್ನೂಕುರ್ ಜ್ವಾಲಾಮುಖಿ ಬಿರುಕು ಬಾಯ್ತೆರೆದು ಲಾವಾ ಹೊರಬಂದಿತ್ತು. ಅದು ಆ ತಿಂಗಳಲ್ಲೇ ಆಗುತ್ತದೆಂದು ನಾನು ಎರಡು ವಾರ ಮೊದಲೇ ಗೆಳೆಯರಿಗೆ ಬರೆದಿದ್ದೆ; ಯಾರೂ ನಂಬಿರಲಿಲ್ಲ.

ನಂಬದಿರಲು ಅವರಿಗೆ ಕಾರಣವಿತ್ತು. ಹಿಂದಿನ ಸ್ಫೋಟಗಳನ್ನು ನೋಡಿ, ಬಿರುಕಿನ ಪಕ್ಕದ ಸ್ವಾರ್ಟ್ಸೆಂಗಿ ಪ್ರದೇಶದ ಕೆಳಗೆ ಸುಮಾರು ಒಂದು ಕೋಟಿ ಘನ ಮೀಟರ್ ಮ್ಯಾಗ್ಮಾ (ನೆಲದಡಿಯ ಕರಗಿದ ಬಂಡೆ) ತುಂಬಿದರೆ ನೆಲ ಒಡೆಯುತ್ತದೆ ಎಂಬ ಒಂದೇ ಲೆಕ್ಕವನ್ನು ನಾನು ಹಿಡಿದಿದ್ದೆ. ಆದರೆ ಆ ವರ್ಷದ ಮಾರ್ಚ್ 2ರಂದು ಮ್ಯಾಗ್ಮಾ ಬಿರುಕಿಗೆ ನುಗ್ಗಿಯೂ ಮೇಲೆ ಬರಲಿಲ್ಲ. 16ರಂದು ಬಂದದ್ದು ಮೇ ತಿಂಗಳವರೆಗೂ ಹರಿಯಿತು, ಅದರ ನಡುವೆಯೇ ನೆಲವೂ ಉಬ್ಬತೊಡಗಿತು. ಏಪ್ರಿಲ್ ತಿಂಗಳೊಂದರಲ್ಲೇ ಮೂರು ಸಲ ಸುಳ್ಳು ಎಚ್ಚರಿಕೆ ಕೊಟ್ಟೆ. ಗ್ರಿಂಡಾವಿಕ್‌ನಲ್ಲಿ ಮನೆ ಕಳೆದುಕೊಂಡ ಪರಿಚಿತರೊಬ್ಬರು ಅದರಿಂದ ಎರಡು ರಾತ್ರಿ ನಿದ್ದೆಗೆಟ್ಟರೆಂದು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡು ದಾಖಲೆಗಳನ್ನು ಮೊದಲಿನಿಂದ ನೋಡಿದೆ.

ಹಣ ಹೋದದ್ದು ಉಪಕರಣಕ್ಕಿಂತ ಹೆಚ್ಚಾಗಿ ಗಾಳಿಗೆ. ಹಿತ್ತಲಲ್ಲಿ ಹೂಳಿದ್ದ ಮೊದಲ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಂವೇದಕ) ಚಳಿಗಾಲದಲ್ಲಿ ನೀರು ಹೊಕ್ಕು ಕೆಟ್ಟಿತು; ಎರಡನೆಯದರಲ್ಲಿ ಗಾಳಿಯ ಸದ್ದಲ್ಲದೆ ಬೇರೇನೂ ದಾಖಲಾಗಲಿಲ್ಲ. ಒಟ್ಟು ಸುಮಾರು ಎರಡೂವರೆ ಲಕ್ಷ ಕ್ರೋನಾ ಖರ್ಚಾದ ಮೇಲೆ ಉಪಕರಣವನ್ನು ಗ್ಯಾರೇಜಿನ ಕಾಂಕ್ರೀಟಿಗೇ ಅಂಟಿಸಿ, ಉಣ್ಣೆ ತುಂಬಿದ ಮರದ ಪೆಟ್ಟಿಗೆಯಿಂದ ಮುಚ್ಚಿದೆ. ಸಮುದ್ರದ ಅಲೆಗಳ ಕಂಪನವನ್ನು ಸೋಸಲು ಯಾವ ಆವರ್ತನ ಪಟ್ಟಿಯನ್ನು ಬಳಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳಲಾರೆ.

ಮಧ್ಯೆ ಜ್ವಾಲಾಮುಖಿಯಿಂದ ಹೊರಬರುವ ಗಂಧಕದ ಡೈಆಕ್ಸೈಡ್ ಅನಿಲವನ್ನು ಅಳೆಯುವ ಸಂವೇದಕವನ್ನೂ ಕೊಂಡು ಚಾವಣಿಗೆ ಕಟ್ಟಿದ್ದೆ. ಲಾವಾ ಹೊರಬರುವ ಮೊದಲು ಅದು ಒಂದು ದಿನವೂ ಏನನ್ನೂ ತೋರಿಸಲಿಲ್ಲ. ಬಂದ ಮೇಲೂ ಗಾಳಿ ನಮ್ಮ ಕಡೆ ಬೀಸಿದಾಗಷ್ಟೇ ಏರುತ್ತಿತ್ತು. ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳು ನೆಲದ ಉಬ್ಬಿನ ಆಕಾರವನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಆಗ ಒಂದೇ ಪಥದ ಮುಂದಿನ ಚಿತ್ರಕ್ಕೆ ಹನ್ನೆರಡು ದಿನ ಕಾಯಬೇಕಿತ್ತು.

ಕೊನೆಗೆ ಕೈಹಿಡಿದದ್ದು ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡುವ ಕ್ರಮ: ಹವಾಮಾನ ಸಂಸ್ಥೆ ಪ್ರಕಟಿಸುವ ಸ್ವಾರ್ಟ್ಸೆಂಗಿಯ ಜಿಪಿಎಸ್ ಎತ್ತರ ಮತ್ತು ಬಿರುಕಿನ ಸಾಲಿನಲ್ಲಿ ದಿನಕ್ಕೆ ಆಗುವ ಸಣ್ಣ ಕಂಪನಗಳ ಎಣಿಕೆ. ನೆಲವು ಹಿಂದಿನ ಸ್ಫೋಟದ ಮುನ್ನ ಮುಟ್ಟಿದ್ದ ಎತ್ತರವನ್ನು ದಾಟುತ್ತಿದ್ದಂತೆ ಎಣಿಕೆಯೂ ವಾರದಿಂದ ವಾರಕ್ಕೆ ಏರಿದರೆ ಮಾತ್ರ ನಾನು ಎಚ್ಚರಗೊಳ್ಳುತ್ತೇನೆ. ಜುಲೈ ಕೊನೆಯಿಂದ ಎರಡೂ ಕೂಡಿಯೇ ಏರಿದ್ದವು.

ನವೆಂಬರ್ 20ರ ಸ್ಫೋಟದ ಮುನ್ನ ಮಾತ್ರ ಎಣಿಕೆ ಅಷ್ಟೇನೂ ಏರಲಿಲ್ಲ, ನಾನು ಸುಮ್ಮನಿದ್ದೆ. ಅಂದಿನಿಂದ ಎತ್ತರದ ಗೆರೆಗೇ ಹೆಚ್ಚು ತೂಕ ಕೊಡುತ್ತಿದ್ದೇನೆ, ಗ್ಯಾರೇಜಿನ ಎಚ್ಚರಿಕೆ ಗಂಟೆಯನ್ನು ರಾತ್ರಿಯಿಡೀ ಚಾಲೂ ಇಡುತ್ತಿದ್ದೇನೆ.